ಏಳನೇ ಸಾಲಿನ ಮೇಷ್ಟ್ರು

ಪರಮಾನಂದ ಸಾರ್ ಕೆಲಸ ಬಿಟ್ಟು ಹೋದ ಮಾರನೇ ದಿನ ಸ್ಟಾಫ್ ರೂಮಿನಲ್ಲಿ ಒಬ್ಬರು ಟೀಯೊಳಗೆ ಬಿಸ್ಕತ್ತು ಅದ್ದುತ್ತ, ‘ಒಳ್ಳೆ ಮನುಷ್ಯ, ತಲೆ ಸ್ವಲ್ಪ ಕೆಟ್ಟಿತ್ತು ಅಷ್ಟೆ’ ಅಂದರು. ನನಗೆ ಮೈ ಉರಿದುಹೋಯಿತು. ಹತ್ತು ವರ್ಷ ಅವರ ಜೊತೆ ಒಂದೇ ಲ್ಯಾಬಿನಲ್ಲಿ ಕೂತವಳು ನಾನು. ಅವರ ತಲೆ ಕೆಟ್ಟಿರಲಿಲ್ಲ. ಕೆಟ್ಟಿದ್ದರೆ ಅವರಿಗೇ ಒಳ್ಳೆಯದಿತ್ತು, ರಾತ್ರಿ ನಿದ್ದೆಯಾದರೂ ಬರುತ್ತಿತ್ತು. ಆದದ್ದೇನು ಅನ್ನುವುದನ್ನು ನಾನೇ ಬರೆದಿಡುತ್ತೇನೆ. ನನ್ನ ಹೆಸರು ರಾಣಿ, ನಾಗಸಂದ್ರದವಳು, ಪೀಣ್ಯದ ಹಿಂಬದಿಯ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಸಾರ್ ಗದಗಿನ ಕಡೆಯವರು. 2003ರಲ್ಲಿ ನಮ್ಮಲ್ಲಿಗೆ ಬಂದರು. ತೆಳ್ಳಗಿನ ಮೈ, ಜೇಬಿನಲ್ಲಿ ಎರಡು ಪೆನ್ನು, ಯಾರನ್ನೂ ಏಕವಚನದಲ್ಲಿ ಕರೆಯದ ನಾಲಿಗೆ. ನಾಲ್ಕನೇ ಸೆಮಿಸ್ಟರಿನ ಹುಡುಗರಿಗೆ ಅವರದು ಸಾಫ್ಟ್‌ವೇರ್ ಎಂಜಿನಿಯರಿಂಗ್ ಅನ್ನುವ ಮೊದಲ ಪಾಠ. ಹುಡುಗರಿಗೆ ಅದು ಬಹಳ ಬೇಸರದ ವಿಷಯ. ಅದರಲ್ಲಿ ಪ್ರೋಗ್ರಾಂ ಬರೆಯುವುದಕ್ಕಿಂತ ಅದರ ಹಿಂದುಮುಂದಿನ ಕೆಲಸವೇ ಹೆಚ್ಚು: ಯಾರಿಗೆ ಏನು ಬೇಕು ಅಂತ ಕೇಳುವುದು, ಕೇಳಿದ್ದನ್ನು ಬರೆದಿಡುವುದು, ಮಾಡಿ ಮುಗಿಸಿದ್ದನ್ನು ಪರೀಕ್ಷಿಸುವುದು. ಸಾರ್‌ಗೆ ಮಾತ್ರ ಅದು ಪ್ರಾಣ. ಪುಸ್ತಕ ಮುಚ್ಚಿಸಿ ಹುಡುಗರನ್ನು ಹೊರಗೆ ಅಟ್ಟುತ್ತಿದ್ದರು. ‘ಪೀಣ್ಯದಲ್ಲಿ ಇಷ್ಟು ಶೆಡ್ ಇವೆ. ಒಂದಕ್ಕಾದರೂ ಹೋಗಿ, ನಿಮಗೇನು ಕಷ್ಟ ಅಂತ ಕೇಳ್ಕೊಂಡು ಬನ್ನಿ’ ಅನ್ನುವರು. ಹುಡುಗರು ಬೇಕರಿವರೆಗೆ ಹೋಗಿ ಪಫ್ಸ್ ತಿಂದು ವಾಪಸ್ಸು ಬರುತ್ತಿದ್ದರು.

2006ರಲ್ಲಿ ಒಬ್ಬ ಹುಡುಗ ನಿಜವಾಗಿಯೂ ಹೋದ. ಅಂಬರೀಶ ಅಂತ, ನಮ್ಮೂರಿನವನೇ. ಅವನು ಹೋದದ್ದು ಬಿಡಿಭಾಗ ತಯಾರಿಸುವ ಒಂದು ಸಣ್ಣ ಕಾರ್ಖಾನೆಗೆ. ಅಲ್ಲಿನ ಕಾರ್ಮಿಕರಿಗೆ ಗುರುತಿನ ಚೀಟಿ ಬೇಕಾಗಿತ್ತು. ಹೆಸರು, ಫೋಟೋ, ರಕ್ತದ ಗುಂಪು, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಅನ್ನುವ ನಂಬರು, ಇಷ್ಟನ್ನು ಕಂಪ್ಯೂಟರಿಗೆ ಹಾಕಿದರೆ ಚೀಟಿ ಅಚ್ಚಾಗಿ ಬರುವಂಥ ಪ್ರೋಗ್ರಾಂ ಮಾಡಿದ. ಕಾರ್ಖಾನೆಯವರು ಅದನ್ನೇ ಬಳಸಲು ಶುರುಮಾಡಿದರು. ಚೀಟಿಯ ಹಿಂದೆ ಸಣ್ಣ ಅಕ್ಷರದಲ್ಲಿ ನಮ್ಮ ಕಾಲೇಜಿನ ಹೆಸರು. ಸಾರ್ ಖುಷಿಗೆ ಪಾರವೇ ಇರಲಿಲ್ಲ. ಒಂದು ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಕಂಡಕಂಡವರಿಗೆ ತೋರಿಸಿದರು.

ಇನ್ನು ನಮ್ಮ ರೆಕಾರ್ಡ್ ಪುಸ್ತಕದ ಪದ್ಧತಿ ಹೇಳಬೇಕು, ಹೇಳದೆ ವಿಧಿಯಿಲ್ಲ. ಪ್ರತಿ ಪ್ರಾಜೆಕ್ಟಿಗೂ ಒಂದು ಪರೀಕ್ಷೆಯ ಪಟ್ಟಿ ಬರೆಯಬೇಕು. ಏನು ಕೊಟ್ಟೆವು, ಏನು ಬರಬೇಕಿತ್ತು, ಏನು ಬಂತು, ಸರಿಯೋ ತಪ್ಪೋ, ಹೀಗೆ ನಾಲ್ಕು ಕಾಲಂ. ಮೊದಲೆರಡನ್ನು ಯೋಚಿಸಿ ಬರೆಯಬಹುದು. ಮೂರನೆಯದನ್ನು ಪ್ರೋಗ್ರಾಂ ಓಡಿಸಿ, ಕಣ್ಣಲ್ಲಿ ನೋಡಿ ಬರೆಯಬೇಕು. ಅರವತ್ತು ಹುಡುಗರಿಗೆ ಇಪ್ಪತ್ತೆರಡು ಕಂಪ್ಯೂಟರ್, ದಿನಕ್ಕೆರಡು ಸಲ ಕರೆಂಟ್ ಹೋಗುವುದು, ಮುಂದಿನ ವಾರ ಹೊರಗಿನ ಪರೀಕ್ಷಕರು ಬರುವುದು. ನೋಡಿಕೊಂಡು ಕೂರಲು ಯಾರಿಗೆ ಪುರುಸೊತ್ತು? ನಾಲ್ಕೂ ಕಾಲಂ ಬೋರ್ಡಿನ ಮೇಲೆ ಬರುತ್ತಿದ್ದವು. ‘ನಿರೀಕ್ಷಿಸಿದಂತೆಯೇ ಬಂತು, ಸರಿ.’ ಕೆಳಗಿನ ಸಾಲುಗಳಿಗೆಲ್ಲ ಅದೇ ಗುರುತು. ಹುಡುಗರು ನೀಲಿ ಇಂಕಿನಲ್ಲಿ ಇಳಿಸಿಕೊಳ್ಳುವರು, ಸಾರ್ ಸಹಿ ಹಾಕುವರು, ನಾನು ಸೀಲು ಒತ್ತುವೆ. ಸಾರ್ ಬರುವ ಮೊದಲೂ ನಮ್ಮಲ್ಲಿ ಹಾಗೇ ನಡೆದಿತ್ತು. ಬಂದ ಹೊಸತರಲ್ಲಿ ಅವರು ಮುಖ ಸಿಂಡರಿಸಿದ್ದರು. ‘ಇಲ್ಲಿ ಹೀಗೇ ಸಾರ್, ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಿ’ ಎಂದು ಬುದ್ಧಿ ಹೇಳಿದವಳು ನಾನೇ.

ಅಂಬರೀಶನ ಪಟ್ಟಿಯಲ್ಲಿ ಹನ್ನೆರಡು ಸಾಲುಗಳಿದ್ದವು. ಏಳನೇ ಸಾಲು ಹೀಗಿತ್ತು: ಫೋನ್ ನಂಬರಿನ ಜಾಗ ಖಾಲಿ ಬಿಟ್ಟರೆ ‘ನಂಬರ್ ತುಂಬಿ’ ಎಂದು ಪ್ರೋಗ್ರಾಂ ಕೇಳಬೇಕು, ಚೀಟಿ ಅಚ್ಚಾಗಬಾರದು. ಏನು ಬಂತು? ನಿರೀಕ್ಷಿಸಿದಂತೆಯೇ ಬಂತು. ಸರಿ. ಅದನ್ನು ಯಾರೂ ಓಡಿಸಿ ನೋಡಿರಲಿಲ್ಲ.

ಮುಂದಿನ ವರ್ಷ ಆಯುಧಪೂಜೆಯ ಸಂಜೆ ತುಮಕೂರು ರಸ್ತೆಯಲ್ಲಿ, ಎಂಟನೇ ಮೈಲಿಯ ಹತ್ತಿರ, ಒಬ್ಬ ಕಾರ್ಮಿಕ ಲಾರಿಗೆ ಸಿಕ್ಕಿ ಸತ್ತ. ಹೆಸರು ಕೊಟ್ರಪ್ಪ. ಹಬ್ಬಕ್ಕೆ ಗದಗಿನ ಕಡೆಯ ತನ್ನ ಊರಿಗೆ ಹೋಗಲು ಬಸ್ಸು ಹಿಡಿಯಲು ಹೊರಟಿದ್ದ. ಜೇಬಿನಲ್ಲಿದ್ದದ್ದು ಆ ಗುರುತಿನ ಚೀಟಿಯೊಂದೇ. ಪೊಲೀಸರು ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಎತ್ತಿದ ಹೆಂಗಸು, ಕೊಟ್ರಪ್ಪ ಅನ್ನುವವರು ನಮ್ಮ ಪೈಕಿ ಯಾರೂ ಇಲ್ಲ ಅಂದಳು. ಕಾರ್ಖಾನೆಗೆ ಪೂಜೆ ಮಾಡಿ ಬೀಗ ಹಾಕಿದ್ದರು, ಮತ್ತೆ ತೆಗೆದದ್ದು ಐದು ದಿನಕ್ಕೆ. ಅಷ್ಟರೊಳಗೆ ವಾರಸುದಾರರಿಲ್ಲದ ಹೆಣ ಅಂತ ಮಣ್ಣು ಮಾಡಿ ಮುಗಿಸಿದ್ದರು. ಇಷ್ಟೆಲ್ಲ ನಡೆಯುವಾಗ ನಮಗೆ ಅದರ ಸುಳಿವೂ ಇರಲಿಲ್ಲ.

ನವೆಂಬರಿನಲ್ಲಿ ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಒಬ್ಬ ಹೆಂಗಸು ಬಂದು ನಿಂತಳು. ಮೂವತ್ತರ ಆಸುಪಾಸು, ಇಳಕಲ್ ಸೀರೆ, ಕೈಯಲ್ಲಿ ಪೊಲೀಸರು ಕೊಟ್ಟ ಆ ಚೀಟಿ. ಹಿಂದೆ ಅಚ್ಚಾಗಿದ್ದ ಕಾಲೇಜಿನ ಹೆಸರನ್ನು ಯಾರಿಂದಲೋ ಓದಿಸಿಕೊಂಡು ಹುಡುಕಿ ಬಂದಿದ್ದಳು. ಅವಳೇ ಕೊಟ್ರಪ್ಪನ ಹೆಂಡತಿ ಮಹಾಂತಮ್ಮ.

‘ಈ ಕಾರ್ಡ್ ಮಾಡಿದವರು ನೀವೇನ್ರಿ ಸರ? ಇದರಾಗಿನ ನಂಬರ ಯಾರದ್ರಿ? ನಾ ಫೋನ್ ಹಚ್ಚಿದ್ರ ಹನುಮವ್ವ ಅನ್ನೋಕಿ ಎತ್ತಿದ್ಲು. ನಿನ್ನ ಗಂಡ ಯಾರಂತ ನನಗ ಗೊತ್ತೇ ಇಲ್ಲ ಅಂತಾಳ. ಗೊತ್ತಿಲ್ಲದಾಕಿ ನಂಬರ ನನ್ನ ಗಂಡ ಯಾಕ ಬರಸ್ತಾನ್ರಿ? ಊರಾಗ ಎಲ್ಲಾರೂ ಆಡ್ಕೊಳ್ಳಾಕತ್ತಾರ, ಕೊಟ್ರಪ್ಪ ಅಲ್ಲಿ ಇನ್ನೊಬ್ಬಾಕೀನ್ನ ಇಟ್ಟಿದ್ದ ಅಂತ. ನೀವು ಖರೇ ಹೇಳ್ರಿ, ಅವನ ಬಾಯಲೇ ಹೇಳಿ ಬರಸ್ಯಾನೇನು?’

ಸಾರ್ ಅವಳನ್ನು ಬೆಂಚಿನ ಮೇಲೆ ಕೂರಿಸಿ ನೀರು ಕೊಡಿಸಿದರು. ಆಮೇಲೆ ಹಳೆಯ ಕಂಪ್ಯೂಟರಿನಲ್ಲಿದ್ದ ಅಂಬರೀಶನ ಪ್ರೋಗ್ರಾಂ ತೆಗೆದರು. ಮೊದಲು ಯಾವುದೋ ಒಂದು ಹೆಸರು ಹಾಕಿ ನಂಬರು ತುಂಬಿದರು. ಆಮೇಲೆ ಕೊಟ್ರಪ್ಪ ಎಂದು ಹಾಕಿ ನಂಬರಿನ ಜಾಗ ಖಾಲಿ ಬಿಟ್ಟು ಗುಂಡಿ ಒತ್ತಿದರು. ಪ್ರೋಗ್ರಾಂ ಏನನ್ನೂ ಕೇಳಲಿಲ್ಲ. ಕೊಟ್ರಪ್ಪನ ಹೆಸರಿನ ಮುಂದೆ ಹಿಂದಿನವನ ನಂಬರು ತಾನಾಗಿ ಬಂದು ಕೂತಿತು.

ನಾನು ಪಕ್ಕದಲ್ಲೇ ನಿಂತಿದ್ದೆ. ಸಾರ್ ಇನ್ನೊಂದು ಸಲ ಮಾಡಿದರು. ಮತ್ತೆ ಅದೇ. ಬೆಂಚಿನ ಮೇಲೆ ಅವಳು ಕಾಯುತ್ತಿದ್ದಳು.

ಆಗ ಅವರು ನಿಜ ಹೇಳಬಹುದಿತ್ತು. ಒಂದು ವಾಕ್ಯ ಸಾಕಾಗಿತ್ತು. ಆದರೆ ಆ ತಿಂಗಳೇ ಅವರ ಕೆಲಸ ಕಾಯಂ ಆಗುವುದರಲ್ಲಿತ್ತು, ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು. ಅದಕ್ಕಿಂತ ಹೆಚ್ಚಾಗಿ ಅವರು ಹೆದರಿದ್ದರು. ‘ಕಾರ್ಖಾನೆಯಲ್ಲಿ ಏನು ಬರೆಸಿದ್ದಾರೋ ಅದೇ ಅಚ್ಚಾಗಿರ್ತದಮ್ಮಾ. ನಮಗೇನೂ ಗೊತ್ತಿಲ್ಲ’ ಅಂದುಬಿಟ್ಟರು. ನಾನೂ ತುಟಿ ಬಿಚ್ಚಲಿಲ್ಲ. ಇಷ್ಟು ಜೋರು ಬಾಯಿ ಇಟ್ಟುಕೊಂಡು ಆವತ್ತು ಗರಬಡಿದವಳ ಹಾಗೆ ನಿಂತಿದ್ದೆ.

ಮಹಾಂತಮ್ಮ ಅಳಲಿಲ್ಲ. ‘ಅಂದ್ರ ಅವನs ಬರಸ್ಯಾನ’ ಎಂದು ಚೀಟಿಯನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಅವಳು ಹೋದ ಮೇಲೆ ಸಾರ್ ಕಾರ್ಖಾನೆಗೆ ಓಡಿದರು. ಅಲ್ಲಿನ ಪಟ್ಟಿಯಲ್ಲಿ ಕೊಟ್ರಪ್ಪನಿಗಿಂತ ಒಂದು ಸಾಲು ಮೇಲೆ ಬಸಲಿಂಗ ಅನ್ನುವವನ ಹೆಸರಿತ್ತು, ಇಬ್ಬರಿಗೂ ಒಂದೇ ನಂಬರು. ಬಸಲಿಂಗ ಕೆಲಸ ಬಿಟ್ಟು ಗೋವಾಕ್ಕೆ ಹೋಗಿ ತಿಂಗಳುಗಳಾಗಿದ್ದವು. ಹನುಮವ್ವ ಅವನ ಹೆಂಡತಿ. ಸಾರ್ ಅವತ್ತೇ ಅಲ್ಲಿ ಕೂತು ಪ್ರೋಗ್ರಾಂ ಸರಿಮಾಡಿ ಬಂದರು. ಕಾರ್ಖಾನೆಯವರಿಗೂ ಕಾರಣ ಹೇಳಲಿಲ್ಲ.

ಆಮೇಲಿನ ಆರು ವರ್ಷ ಅವರನ್ನು ನೋಡಿದವರು ಹುಚ್ಚ ಅಂದದ್ದರಲ್ಲಿ ಆಶ್ಚರ್ಯವಿಲ್ಲ. ರೆಕಾರ್ಡಿನ ಮೂರನೇ ಕಾಲಮ್ಮನ್ನು ಅವರು ಬೋರ್ಡಿನಲ್ಲಿ ಬರೆಯುವುದನ್ನು ನಿಲ್ಲಿಸಿದರು. ಒಬ್ಬೊಬ್ಬ ಹುಡುಗನನ್ನೂ ಕೂರಿಸಿ ಒಂದೊಂದು ಸಾಲನ್ನೂ ಕಣ್ಣೆದುರು ಓಡಿಸಿ ನೋಡಿದ ಮೇಲೆಯೇ ಸಹಿ. ರೆಕಾರ್ಡುಗಳು ತಡವಾದವು, ವಿಭಾಗದ ಮುಖ್ಯಸ್ಥರು ಬೈದರು, ಹುಡುಗರು ‘ಏಳನೇ ಸಾಲಿನ ಮೇಷ್ಟ್ರು’ ಅಂತ ಹೆಸರಿಟ್ಟರು. ಏಳಕ್ಕೆ ಬಂದಾಗ ಅದೊಂದನ್ನು ಮಾತ್ರ ಅವರು ಎರಡೆರಡು ಸಲ ಓಡಿಸುವುದನ್ನು ಹುಡುಗರೂ ಗಮನಿಸಿದ್ದರು. ಊಟದ ಹೊತ್ತಿನಲ್ಲಿ ಲ್ಯಾಬಿನಲ್ಲಿ ಒಬ್ಬರೇ ಕೂತಿರುವರು. ಒಮ್ಮೆ ನನ್ನನ್ನು ಕರೆದು, ‘ರಾಣಿಯವರೇ, ಬಾಗಿಲಲ್ಲಿ ಯಾರಾದರೂ ನಿಂತಿದ್ದಾರಾ ನೋಡಿ’ ಅಂದರು. ಯಾರೂ ಇರಲಿಲ್ಲ. ‘ಗಂಡಸು, ಕೈಯಲ್ಲಿ ಬ್ಯಾಗು’ ಅಂದರು. ದೃಷ್ಟಿ ತೆಗೆಸಿ ಸಾರ್ ಎಂದು ತಮಾಷೆ ಮಾಡಿ ಹೊರಗೆ ಬಂದೆ, ಆ ಬಾಗಿಲು ದಾಟುವಾಗ ಮಾತ್ರ ಒಂದು ಪಕ್ಕಕ್ಕೆ ಸರಿದು ದಾಟಿದೆ.

ಬಾಗಿಲಲ್ಲಿ ನಿಂತವನನ್ನು ನಾನು ಕಾಣಲಿಲ್ಲ. ಕಂಪ್ಯೂಟರಿನಲ್ಲಿ ಬಂದು ಕೂತವನನ್ನು ಕಂಡೆ, ಅದನ್ನು ಇಡೀ ವಿಭಾಗವೇ ಕಂಡಿದೆ. ನಮ್ಮ ಹುಡುಗರು ಪ್ರಾಜೆಕ್ಟನ್ನು ಮೊದಲಿನಿಂದ ಮಾಡುವ ಜಾತಿಯವರಲ್ಲ. ಹಿಂದಿನ ವರ್ಷದವರ ಫೋಲ್ಡರ್ ತಂದು ತಲೆಬರಹ ಬದಲಾಯಿಸಿದರೆ ಅವರದಾಯಿತು. ಮಹಾಂತಮ್ಮ ಬಂದ ದಿನ ಸಾರ್ ತಾವು ಮೊದಲು ಹಾಕಿದ ಹೆಸರನ್ನು ಅಳಿಸಿದ್ದರು, ಕೊಟ್ರಪ್ಪನ ಹೆಸರು ಮಾತ್ರ ಆ ಪ್ರೋಗ್ರಾಮಿನ ಪಟ್ಟಿಯ ಮೊದಲ ಸಾಲಿನಲ್ಲಿ ಉಳಿದುಬಿಟ್ಟಿತ್ತು. ಅವರಿಗೆ ನೆನಪಾಗಿ ಅಳಿಸುವಷ್ಟರಲ್ಲಿ ಫೋಲ್ಡರ್ ಪೆನ್ ಡ್ರೈವುಗಳಲ್ಲಿ ಊರು ಸೇರಿಯಾಗಿತ್ತು. ಮುಂದಿನ ವರ್ಷ ಒಬ್ಬ ಹುಡುಗಿ ಗ್ರಂಥಾಲಯದ ಪ್ರೋಗ್ರಾಂ ತೋರಿಸಿದಳು. ಸದಸ್ಯರ ಪಟ್ಟಿಯಲ್ಲಿ ಮೊದಲ ಹೆಸರು ಕೊಟ್ರಪ್ಪ. ಅದರ ಮುಂದಿನ ವರ್ಷ ಆಸ್ಪತ್ರೆಯ ಪ್ರೋಗ್ರಾಂ, ಮೊದಲ ರೋಗಿ ಕೊಟ್ರಪ್ಪ. ಸಾರ್ ಬೈದು ಅಳಿಸಿಸುವರು, ಅವನು ಇನ್ನೊಬ್ಬರ ಪೆನ್ ಡ್ರೈವಿನಿಂದ ಮತ್ತೆ ಬರುವನು. ನಾನು ದೆವ್ವ ನಂಬುವವಳಲ್ಲ. ಆದರೂ ಹೊಸ ಬ್ಯಾಚಿನವರು ಪಟ್ಟಿ ತೆಗೆಯುವಾಗ ನನ್ನ ಕಣ್ಣು ಮೊದಲ ಸಾಲಿಗೇ ಹೋಗುತ್ತಿತ್ತು.

2013ರ ಮೌಖಿಕ ಪರೀಕ್ಷೆಯಲ್ಲಿ ಒಬ್ಬ ಬಸ್ ಟಿಕೆಟ್ ಕಾಯ್ದಿರಿಸುವ ಪ್ರೋಗ್ರಾಂ ತಂದಿದ್ದ. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪಟ್ಟಿ ತೆಗೆಸಿದರು. ಮೊದಲ ಸೀಟು, ಕೊಟ್ರಪ್ಪ, ಬೆಂಗಳೂರಿನಿಂದ ಗದಗಕ್ಕೆ.

‘ಯಾರಪ್ಪ ಇವನು ಕೊಟ್ರಪ್ಪ? ನಿಮ್ಮ ಮಾವನಾ?’ ಎಂದು ಪರೀಕ್ಷಕರು ನಕ್ಕರು.

‘ಗೊತ್ತಿಲ್ಲ ಸಾರ್. ಸೀನಿಯರ್ಸ್ ಕಾಲದಿಂದ ಇದ್ದಾನೆ. ಅವನನ್ನ ಡಿಲೀಟ್ ಮಾಡಿದ್ರೆ ಪ್ರೋಗ್ರಾಂ ನಿಂತೋಗುತ್ತೆ, ಅದಕ್ಕೆ ಊರಿನ ಬಸ್ಸಿಗೆ ಹತ್ತಿಸಿಬಿಟ್ವಿ.’

ಎಲ್ಲರೂ ನಕ್ಕರು. ಪರಮಾನಂದ ಸಾರ್ ಎದ್ದು ಹೊರಗೆ ಹೋದರು. ಅರ್ಧ ಗಂಟೆಯಾದರೂ ಬರಲಿಲ್ಲವೆಂದು ಹುಡುಕಿದರೆ ಸೈಕಲ್ ನಿಲ್ಲಿಸುವ ಶೆಡ್ಡಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಅಳುತ್ತಿದ್ದರು. ‘ಅವರ ಹೆಂಡತಿಗೆ ಹೇಳ್ಬೇಕು ರಾಣಿಯವರೇ. ನನ್ನ ಕೈಲಿ ಇನ್ನು ಆಗೋಲ್ಲ’ ಅಂದರು. ನನಗೂ ಸಾಕಾಗಿತ್ತು. ಕಾರ್ಖಾನೆಯ ಕಾವಲುಗಾರ ಪಾಪಯ್ಯ ನಮ್ಮ ದೊಡ್ಡಪ್ಪನ ಮಗ, ಅವನನ್ನು ವಿಚಾರಿಸಿದೆ. ಮಹಾಂತಮ್ಮ ಊರಲ್ಲಿ ನಿಲ್ಲಲಾಗದೆ, ಹೆಂಡತಿ ನೆಟ್ಟಗಿದ್ದರೆ ಗಂಡ ಯಾಕೆ ದಾರಿ ತಪ್ಪುತ್ತಾನೆ ಅನ್ನುವ ಮಾತು ಕೇಳಲಾಗದೆ, ಮಗಳನ್ನು ಕಟ್ಟಿಕೊಂಡು ಬೊಮ್ಮನಹಳ್ಳಿಗೆ ಬಂದಿದ್ದಳಂತೆ. ಗಾರ್ಮೆಂಟ್ಸಿನಲ್ಲಿ ಕೆಲಸ.

ಭಾನುವಾರ ಎರಡು ಬಸ್ಸು ಬದಲಾಯಿಸಿ ಹೋದೆವು. ವಠಾರದ ಸಾಲುಮನೆ, ಒಂದೇ ಕೋಣೆ. ಮಹಾಂತಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಹೊಸ್ತಿಲಲ್ಲಿ ಆರಿಸುತ್ತಿದ್ದಳು. ಗುರುತು ಹಿಡಿದಳು, ‘ಕಾಲೇಜಿನ ಸರ ಅಲ್ಲೇನ್ರಿ’ ಎಂದು ಚಾಪೆ ಹಾಸಿದಳು. ಸಾರ್ ಕೂರಲಿಲ್ಲ. ನಿಂತುಕೊಂಡೇ ಹೇಳಿದರು. ಅವಳ ಮುಂದೆ ಅವರ ಮಾತು ತಾನಾಗಿ ತಮ್ಮೂರ ಕಡೆಗೆ ತಿರುಗಿತು.

‘ಮಹಾಂತಮ್ಮಾರ, ಆ ನಂಬರ ನಿಮ್ಮ ಗಂಡ ಕೊಟ್ಟದ್ದಲ್ಲ. ಅವರಿಗೂ ಆ ಹೆಣ್ಣುಮಗಳಿಗೂ ಏನೂ ಸಂಬಂಧ ಇಲ್ಲ. ಆಕಿ ಅವರ ಜೋಡಿ ಕೆಲಸಕ್ಕಿದ್ದ ಬಸಲಿಂಗ ಅನ್ನೋರ ಹೆಂಡತಿ. ನಿಮ್ಮ ಗಂಡ ನಂಬರಿನ ಜಾಗಾ ಖಾಲಿ ಬಿಟ್ಟಿದ್ರು. ಖಾಲಿ ಬಿಟ್ರ ನಮ್ಮ ಪ್ರೋಗ್ರಾಂ ಹಿಂದಿನವರ ನಂಬರ ತಗೊಂಡು ಅಚ್ಚು ಹಾಕ್ತಿತ್ತು. ಅದನ್ನ ಪರೀಕ್ಷೆ ಮಾಡೇವಿ ಅಂತ ನಾ ಸಹಿ ಹಾಕಿದ್ದೆ. ಮಾಡಿರಲಿಲ್ಲ. ನೀವು ಬಂದ ದಿನಾನ ನನಗ ಗೊತ್ತಾತು. ಅಂಜಿ ಸುಳ್ಳು ಹೇಳಿದೆ.’

ನಾನು ಬೈಗುಳಕ್ಕೆ ಕಾದೆ. ನಿಜ ಹೇಳಬೇಕೆಂದರೆ ಅವಳು ಬೈದರೆ ಸಾಕು ಅನ್ನಿಸಿತ್ತು. ಅವಳು ಮೊರವನ್ನು ಕೆಳಗಿಟ್ಟಳು.

‘ಖಾಲಿ ಬಿಟ್ಟಿದ್ನೇನ್ರಿ?’

‘ಹೌದ್ರಿ.’

‘ಕೇಳಿದ್ದನ್ರಿ ನನ್ನ’ ಅಂದಳು. ಸ್ವರ ಸಣ್ಣದಾಗಿತ್ತು. ‘ಅವನ ಕಡೆ ಫೋನ್ ಇರಲಿಲ್ಲ. ಐತವಾರಕ್ಕೊಮ್ಮೆ ನಾನs ಅವನ ರೂಮಿನ ಬಾಜೂದ ಚಾದಂಗಡಿಗೆ ಹಚ್ತಿದ್ದೆ, ನಮ್ಮಣ್ಣನ ಫೋನಿಲೆ. ಕಾರ್ಡಿಗೆ ನಂಬರ ಬೇಕಂತ, ಹೇಳು ಅಂದ. ನನಗ ಬಾಯಿಲೆ ಬರ್ತಿರಲಿಲ್ಲ. ಅಣ್ಣನ್ನ ಕೇಳಿ ಹೇಳ್ತೀನಿ ಅಂದೆ, ಮರತೆ. ಮುಂದ ಮತ್ತ ಕೇಳಿದ. ಊರಿಗೆ ಬಂದಾಗ ಬರಕೊಂಡು ಹೋಗು, ಅದಕ್ಯಾಕ ಅಣ್ಣನ ಪೈಸಾ ಸುಡಸ್ತಿ ಅಂತ ಬೈದು ಫೋನ್ ಇಟ್ಟೆ.’

ಸಾರ್ ಚಾಪೆಯ ಮೇಲೆ ಕೂತರು. ತಮ್ಮ ತಲೆಯ ಮೇಲಿನ ಹೊರೆ ಇಳಿಸಲು ಬಂದು ಅದನ್ನು ಅವಳ ತಲೆಗೆ ಹೊರಿಸಿದ್ದರು. ಇದುವರೆಗೆ ಅವಳಿಗೆ ಗಂಡನ ಮೇಲೆ ಸಿಟ್ಟಾದರೂ ಇತ್ತು. ಸಿಟ್ಟಿನ ಬಲದ ಮೇಲೆ ಹೆಂಗಸು ಎಷ್ಟು ವರ್ಷ ಬೇಕಾದರೂ ಬದುಕುತ್ತಾಳೆ. ಈಗ ಅದೂ ಹೋಯಿತು. ಯಾಕಾದರೂ ಬಂದೆವೋ ಅನ್ನಿಸಿ ಸಾರ್ ಮೇಲೆ ನನಗೆ ಕೆಟ್ಟ ಕೋಪ ಬಂತು.

‘ಇಲ್ಲ, ಇಲ್ಲಿ ಕೇಳ್ರಿ’ ಅಂದರು ಸಾರ್, ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ. ‘ಮಂದಿ ಮರೀತಾರ. ನಂಬರ ಗೊತ್ತಿರೋದಿಲ್ಲ, ಖಾಲಿ ಬಿಡ್ತಾರ. ಅದು ತಪ್ಪಲ್ಲ, ಮನುಷ್ಯರು ಇರೋದs ಹಂಗ. ಅದು ಗೊತ್ತಿದ್ದೇ ನಾವು ಪ್ರೋಗ್ರಾಂ ಮಾಡಬೇಕು. ನೀವು ಮರತ್ರೂ ಅದು ಮರೀಬಾರದು. ಅದಕ್ಕs ಆ ಪರೀಕ್ಷೆ ಇರೋದು. ನಾ ಮಕ್ಕಳಿಗೆ ಕಲಸೋ ಪಾಠನs ಇದು. ನಾನs ಮಾಡಲಿಲ್ಲ.’

‘ಕಲಿತವರು ನೀವು, ಹಂಗಂತೀರಿ. ಊರಾಗ ನಂಬ್ತಾರೇನ್ರಿ? ಬರದು ಕೊಡ್ರಿ. ಸಹಿ ಹಾಕ್ರಿ.’

ಮಗಳ ನೋಟ್‌ಬುಕ್ಕಿನಿಂದ ಹಾಳೆ ಹರಿದು ಕೊಟ್ಟಳು. ಸಾರ್ ಕನ್ನಡದಲ್ಲಿ ಬರೆದರು. ತಮ್ಮ ಹೆಸರು, ಕೆಲಸ, ಆ ದಿನ ಹೇಳಿದ ಸುಳ್ಳು, ಎಲ್ಲ. ‘ಕಾಲೇಜಿನ ಹೆಸರು ಬೇಡ ಸಾರ್, ಕೆಲಸ ಹೋಗುತ್ತೆ’ ಎಂದು ಕಿವಿಯಲ್ಲಿ ಹೇಳಿದೆ. ಅದನ್ನೂ ಬರೆದರು. ಅವರು ಸಹಿ ಮಾಡಿದ ಮೇಲೆ ಪೆನ್ನು ಕಿತ್ತುಕೊಂಡು ಕೆಳಗೆ ನಾನೂ ಸಹಿ ಮಾಡಿದೆ. ಮರುದಿನ ಅವರು ಪ್ರಾಂಶುಪಾಲರಿಗೆ ತಾವೇ ಎಲ್ಲ ಹೇಳಿ ರಾಜೀನಾಮೆ ಕೊಟ್ಟರು. ನಾನು ಕೊಡಲಿಲ್ಲ, ನನ್ನನ್ನು ಯಾರೂ ಕೇಳಲೂ ಇಲ್ಲ.

ಮಹಾಂತಮ್ಮನಿಗೆ ಓದಲು ಬರುತ್ತಿರಲಿಲ್ಲ. ಆ ಭಾನುವಾರ ನಾವು ಸಹಿ ಮಾಡಿದ ಕೂಡಲೇ ಕಾಗದವನ್ನು ನನ್ನ ಕೈಗೆ ಕೊಟ್ಟು ಓದಕ್ಕಾ ಅಂದಳು. ಓದಿದೆ. ಕೊನೆಯಲ್ಲಿ ಹೀಗಿತ್ತು: ಕೊಟ್ರಪ್ಪನವರು ತಪ್ಪು ಮಾಡಿಲ್ಲ. ಮಹಾಂತಮ್ಮನವರದೂ ತಪ್ಪಿಲ್ಲ. ತಪ್ಪು ನಮ್ಮದು. ‘ಅಷ್ಟs ಇನ್ನೊಮ್ಮೆ ಓದು’ ಅಂದಳು. ಓದಿದೆ. ಮತ್ತೂ ಒಂದು ಸಲ ಓದಿಸಿದಳು.

ಆಮೇಲೆ ಸಾರ್ ಕಡೆ ತಿರುಗಿದಳು. ‘ಅವನಿಗೆ ದಿನಕರ್ಮ ಸೈತ ಮಾಡಲಿಲ್ರಿ ನಾನು. ಮಗಳ ಬಾಯಾಗ ಅಪ್ಪ ಅಂತ ಬಂದ್ರ ಹೊಡದೀನಿ. ಆರು ವರ್ಷ, ಮುಂಜಾನೆ ಎದ್ದು ಅವನ್ನ ಬೈದs ಒಲಿ ಹಚ್ಚೀನಿ. ಸತ್ತಲ್ಲೂ ಸುಖ ಕಾಣಬ್ಯಾಡ ಅಂತ ಶಾಪ ಹಾಕೀನಿ. ಅದಕ್ಕ ಇದರಾಗ ಏನರ ಬರದೀರೇನು?’

ಪರಮಾನಂದ ಸಾರ್ ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಗಿನವರೆಗೆ ಓದಿದರು. ಇಲ್ಲ ಅಂದರು.